ಮುರಿದ ಕಾಲಿನ ಗಾಯವೂ ಅಡಗಿದ ನಂಜೂ

ಈ ತಿಂಗಳ ಬರಹವನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸಬೇಕಾಗಿರುವದು. ನಮ್ಮ ಅವರ್ಸಾದಲ್ಲಿ ಹಾದುಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ ಒಂದು ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೈಕಿನಿಂದ ಬಿದ್ದನು. ಮೊಣಕಾಲ ಕೆಳಗಿನ ಎಲುಬು ಮುರಿದು, ಚರ್ಮವನ್ನು ಸೀಳಿ ಹೊರಬಂದಿತ್ತು. ಶಸ್ತ್ರಕ್ರಿಯೆಯಾಗಿ, ಎಲುಬಿನೊಳಗೆ ಲೋಹದ ಸರಳನ್ನು ಕೂಡ್ರಿಸಿಕೊಂಡು ಮನೆಗೆ ಬಂದನು. ಮೂರನೆಯ ವಾರದಲ್ಲಿ ಗಾಯದ ಒಂದು ಮೂಲೆಯಿಂದ ತಿಳಿನೀರು ಒಸರತೊಡಗಿತು. “ಮಾಸ್ತರೇ, ಜ್ವರ ಇಲ್ಲ, ಬರೇ ನೀರು ಬರ್ತದೆ. ಒಣಗೂ ಲಕ್ಷಣವೇ ಅಲ್ಲವೇ?” ಎಂದು ಅವನ ತಾಯಿಯು ಕೇಳಿದಳು. ಹಣೆಯನ್ನು ಮುಟ್ಟಿ ನೋಡಿದೆನು, ತಂಪಾಗಿತ್ತು. “ಚಿಂತೆ ಬೇಡ ತಂಗೀ” ಎಂದುಬಿಟ್ಟೆನು. ಆ ಮಾತಿನಿಂದ ಹತ್ತು ದಿನಗಳು ವ್ಯರ್ಥವಾದವು. ನಂಜು ಎಲುಬಿಗೆ ಇಳಿದಿತ್ತು. ಎರಡು ಸಲ ಕೊಯ್ದು ತೊಳೆಯಬೇಕಾಯಿತು.

ಭಗ್ನವು ಪಾಕಕ್ಕೆ ತಿರುಗದಂತೆ ವೈದ್ಯನು ಯತ್ನಿಸತಕ್ಕದ್ದೆಂದು ಸುಶ್ರುತನು ಚಿಕಿತ್ಸಾಸ್ಥಾನದಲ್ಲಿ ವಿಧಿಸಿರುವನು. ಬಾವು ಆಮವೋ, ಪಚ್ಯಮಾನವೋ, ಪಕ್ವವೋ ಎಂಬುದನ್ನು ಅರಿಯಲು ಸೂತ್ರಸ್ಥಾನದಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿರುವನು. ಅದನ್ನೆಲ್ಲ ಓದಿದ ನನ್ನ ಕಣ್ಣು ಎದುರಿನ ಗಾಯವನ್ನು ಓದಲಿಲ್ಲ!

ಮೊಣಕಾಲ ಕೆಳಗಿನ ಎಲುಬಿನ ಮುಂಭಾಗಕ್ಕೆ ಚರ್ಮದ ಹೊದಿಕೆ ಮಾತ್ರವಿದ್ದು ಮಾಂಸದ ರಕ್ಷಣೆಯಿಲ್ಲ. ಆದ್ದರಿಂದಲೇ ಅದು ಸುಲಭವಾಗಿ ಹೊರಬೀಳುವದು, ಮಣ್ಣು ಸೇರುವದು. ಹಿಂದೆ ಇಂಥ ಕಾಲನ್ನು ಅನೇಕವೇಳೆ ಕತ್ತರಿಸಿಯೇ ಬಿಡುತ್ತಿದ್ದರು. 1865ರ ಆಗಸ್ಟಿನಲ್ಲಿ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರನು, ಬಂಡಿಯ ಚಕ್ರಕ್ಕೆ ಸಿಕ್ಕ 11 ವರ್ಷದ ಬಾಲಕನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿಯನ್ನು ಕಟ್ಟಿದನು. ನಾಲ್ಕು ದಿನಗಳ ತರುವಾಯ ಬಿಚ್ಚಿದಾಗ ಕೀವು ಇರಲಿಲ್ಲ, ಕಾಲು ಉಳಿಯಿತು.

ಈಗ ಗೃಹಸ್ಥರು ನೋಡತಕ್ಕದ್ದೇನು? ಮೊದಲ ಕೆಲವು ದಿನಗಳಲ್ಲಿ ಕೆಂಪು, ಕಾವು, ಬಾವು, ನೋವು ಸಹಜವಾಗಿಯೇ ಇರುವವು. ಅವು ಇಳಿಯುತ್ತಿವೆಯೋ ಏರುತ್ತಿವೆಯೋ ಎಂಬುದೇ ಮುಖ್ಯವು. ಇಳಿದ ನೋವು ಮತ್ತೆ ಏರಿದರೆ, ಒಣಗಿದ ಗಾಯ ಒಸರಿದರೆ, ಹೊಲಿಗೆ ಬಿಚ್ಚಿಕೊಂಡರೆ, ದುರ್ಗಂಧ ಬಂದರೆ ಅದೇ ದಿನ ಡಾಕ್ಟರರಲ್ಲಿಗೆ ಹೋಗತಕ್ಕದ್ದು. ಜ್ವರವು ಬಾರದೆಯೂ ಇರಬಹುದು. ನಾನು ಮೋಸಹೋದದ್ದು ಇಲ್ಲಿಯೇ. ಲೋಹದ ಮೇಲೆ ರೋಗಾಣುಗಳು ಲೋಳೆಯ ಕವಚವನ್ನು ಹೆಣೆದುಕೊಂಡು ತಿಂಗಳುಗಟ್ಟಲೆ ಅಡಗಿರಬಲ್ಲವು. ಗಾಯಕ್ಕೆ ಅರಿಸಿನ ಮೆತ್ತುವವರೂ ನಮ್ಮಲ್ಲುಂಟು. ಆ ಹಳದಿಯ ಕೆಳಗೆ ಕೆಂಪು ಕಾಣುವದಾದರೂ ಹೇಗೆ?

2018ರಲ್ಲಿ ತಜ್ಞರು ಒಮ್ಮತದಿಂದ ಮಾಡಿದ ನಿರ್ಣಯದಂತೆ ಕೀವು, ಎಲುಬಿನವರೆಗೆ ತೆರೆದ ರಂಧ್ರ, ಆಳದ ಎರಡು ಬೇರೆ ಮಾದರಿಗಳಲ್ಲಿ ಅದೇ ರೋಗಾಣು, ಇವು ನಂಜಿನ ನಿಶ್ಚಿತ ಲಕ್ಷಣಗಳು. ಜ್ವರ, ಕೆಂಪು, ಬಾವು ಸಂಶಯಕ್ಕೆ ಮಾತ್ರ ಕಾರಣಗಳು. ಮೇಲ್ಮೈಯ ಒಸರನ್ನು ಹತ್ತಿಯಿಂದ ಒರೆಸಿ ಪರೀಕ್ಷಿಸಿದರೆ ಚರ್ಮದ ಅಣುಗಳೇ ಸಿಕ್ಕಾವು. ಡಾಕ್ಟರರನ್ನು ಕೇಳದೆ ಆಂಟಿಬಯಾಟಿಕ್ ಗುಳಿಗೆ ನುಂಗಿದರಂತೂ ನಿಜವಾದ ರೋಗಾಣು ಪರೀಕ್ಷೆಯಲ್ಲಿ ಮರೆಯಾಗಬಹುದು. ರಕ್ತದ ಸಿ.ಆರ್.ಪಿ. ಎಂಬ ಅಂಶವು ಶಸ್ತ್ರಕ್ರಿಯೆಯ ನಂತರ ಎರಡು-ಮೂರು ದಿನ ಏರಿ, ಬಳಿಕ ಇಳಿಯುವದು. ಇಳಿದದ್ದು ಮತ್ತೆ ಏರಿದರೆ ಸಂಶಯಪಡತಕ್ಕದ್ದು.

ದೂರದ ದವಾಖಾನೆಯೆಂದು ಮರುತಪಾಸಣೆಯನ್ನು ಮುಂದೂಡುವವರು ನಮ್ಮ ಜಿಲ್ಲೆಯಲ್ಲಿ ಬಹಳ. ದೊಡ್ಡ ಆಸ್ಪತ್ರೆಗಾಗಿ 2019ರಲ್ಲಿಯೂ 2022ರಲ್ಲಿಯೂ ಇಲ್ಲಿಯ ಜನರು ಕೂಗೆಬ್ಬಿಸಿದ್ದು ಸುಮ್ಮನೆ ಅಲ್ಲ.

ಆ ತಾಯಿಯು ಈಗ ಗೋಡೆಯ ಕ್ಯಾಲೆಂಡರಿನಲ್ಲಿ ನಿತ್ಯವೂ ನೋವು, ಒಸರು, ಬಾವುಗಳನ್ನು ಗುರುತು ಹಾಕುವಳು. ಕಳೆದ ಸಲ ಡಾಕ್ಟರರು ಬೇರೇನನ್ನೂ ಕೇಳದೆ ಮೊದಲು ಆ ಹಾಳೆಯನ್ನೇ ಕೈಗೆತ್ತಿಕೊಂಡರು.