ಕಬ್ಬಿನ ದಂಡೆಗೆ ಯಾವ ಕೋಲು?

ಕೃಷ್ಣೆ ಮಹಾರಾಷ್ಟ್ರ ದಾಟಿ ಕರ್ನಾಟಕಕ್ಕೆ ಬರುವ ಕಡೆ ಹೊಳೆದಂಡೆಯಲ್ಲಿ ನಿಂತು ಹಿಂದಕ್ಕೆ ತಿರುಗಿದರೆ ಕಾಣುವುದು ಕಬ್ಬು. ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳ, ಯಡೂರ, ಮಾಂಜರಿಯಾಗಲಿ, ಕಾಗವಾಡದ ಜುಗೂಳ, ಮಂಗಾವತಿಯಾಗಲಿ, ರಾಯಬಾಗದ ಕುಡಚಿ, ಅಥಣಿಯ ಹಲ್ಯಾಳವಾಗಲಿ, ಎಲ್ಲಿ ಹೋದರೂ ಇದೇ ನೋಟ. ಎರೆಮಣ್ಣಿನ ಎತ್ತರದ ದಡ, ಬೆನ್ನಿಗೇ ಆಳೆತ್ತರ ಮೀರಿದ ಬೆಳೆ, ತಲೆಯ ಮೇಲೆ ಪಂಪ್‌ಸೆಟ್ಟಿನ ವಿದ್ಯುತ್ ತಂತಿ. ಮೀನು ಹಿಡಿಯುವ ಹಗುರವಾದ ಫ್ಲೈ ರಾಡ್ ತಾನೇ ಕಟ್ಟಿಕೊಳ್ಳಬೇಕೆಂಬ ಆಸೆಯಿರುವ ಇಲ್ಲಿನ ಹುಡುಗ ಯಾವ ಬ್ಲ್ಯಾಂಕ್ ತರಿಸಬೇಕೆಂದು ತೀರ್ಮಾನಿಸಬೇಕಾದದ್ದು ಈ ದಂಡೆಯೇ ಹೊರತು ಕಂಪನಿಯ ಹೆಸರಲ್ಲ, ಬೆಲೆಯ ಚೀಟಿಯಲ್ಲ. ದಂಡೆ ಕೊಡುವ ತೀರ್ಪು ಜೇಬಿಗೂ ಅನುಕೂಲದ್ದು. ದುಬಾರಿಯಾದ ಬಿರುಸು ಕಾರ್ಬನ್ ಇಲ್ಲಿಗೆ ಬೇಡ, ಸಾದಾ ಗ್ಲಾಸ್‌ಫೈಬರ್ ಸಾಕು. ಸಾಕು ಅನ್ನುವುದಕ್ಕಿಂತ, ಇಲ್ಲಿಗೆ ಅದೇ ಸರಿ.

ಬ್ಲ್ಯಾಂಕ್ ಎಂದರೆ ಹಿಡಿಕೆ, ಉಂಗುರ, ರೀಲಿನ ಪೀಠ ಯಾವುದೂ ಇಲ್ಲದ ಬರೀ ಕೋಲು. ಬುಡದಲ್ಲಿ ಬೆರಳಿನ ದಪ್ಪ, ತುದಿಯಲ್ಲಿ ಕಡ್ಡಿಯಷ್ಟು ಸಣ್ಣಗಾಗುತ್ತ ಹೋಗುವ ಟೊಳ್ಳು ನಳಿಗೆ. ಉಳಿದದ್ದೆಲ್ಲ ಮನೆಯಲ್ಲೇ ಮಾಡಿಕೊಳ್ಳುವ ಕೆಲಸ: ಬೂಚಿನ ಬಿಲ್ಲೆಗಳನ್ನು ಅಂಟಿಸಿ ಉಜ್ಜಿದರೆ ಹಿಡಿಕೆ, ನೂಲು ಸುತ್ತಿ ಎಪಾಕ್ಸಿ ಬಳಿದರೆ ಉಂಗುರ ನಿಂತಿತು. ತಪ್ಪಾದರೆ ಬಿಚ್ಚಿ ಮತ್ತೆ ಕಟ್ಟಬಹುದು. ಬ್ಲ್ಯಾಂಕ್ ಮಾತ್ರ ಹಾಗಲ್ಲ. ಅದನ್ನು ಆರಿಸಿದಾಗಲೇ ಕೋಲಿನ ಗುಣ ಗಟ್ಟಿಯಾಗಿಬಿಡುತ್ತದೆ.

ಸಾದಾ ಗಾಳದಲ್ಲಿ ತುದಿಯ ಭಾರ ದಾರವನ್ನು ಎಳೆದೊಯ್ಯುತ್ತದೆ. ಫ್ಲೈ ಗಾಳದಲ್ಲಿ ಲೆಕ್ಕ ಉಲ್ಟಾ. ಕೋಳಿಪುಕ್ಕ, ನೂಲು ಸುತ್ತಿ ಹುಳುವಿನ ರೂಪ ಕೊಟ್ಟ ಕೊಕ್ಕೆಗೆ ತೂಕವೇ ಇಲ್ಲ, ತೂಕವಿರುವುದು ದಾರದಲ್ಲಿ. ಬಾರುಕೋಲು ಬೀಸಿದಂತೆ ಆ ದಾರವನ್ನು ಹಿಂದಕ್ಕೆ ಚಾಚಿ, ಅದರ ಭಾರಕ್ಕೆ ಕೋಲು ಬಾಗಿದಾಗ ಮುಂದಕ್ಕೆ ಬೀಸಬೇಕು. ಹಿಂದೆ ಒಂಬತ್ತು ಹತ್ತು ಮೀಟರ್ ಖಾಲಿ ಜಾಗ ಸಿಕ್ಕರೆ ಎಂಥ ಕೋಲಾದರೂ ನಡೆದೀತು. ಕಬ್ಬಿನ ದಂಡೆಯಲ್ಲಿ ಆ ಜಾಗ ಎಲ್ಲಿಂದ ಬರಬೇಕು? ಮೊದಲ ಬೀಸಿಗೇ ಕೊಕ್ಕೆ ಕಬ್ಬಿನ ಗರಿಗೆ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಉಪಯೋಗಕ್ಕೆ ಬರುವುದು ರೋಲ್ ಕಾಸ್ಟ್. ನೀರಿನ ಮೇಲಿರುವ ದಾರವನ್ನು ಮೆಲ್ಲಗೆ ತನ್ನತ್ತ ಎಳೆದು, ಅದು ಭುಜದ ಪಕ್ಕದಲ್ಲಿ ಜೋಲಿಯಾದಾಗ ಕೋಲನ್ನು ಮುಂದಕ್ಕೆ ಒತ್ತಿ ನಿಲ್ಲಿಸುವುದು. ದಾರ ಸುರುಳಿ ಬಿಚ್ಚುತ್ತ ನೀರಿನ ಮೇಲೆ ಹಾಸಿಕೊಳ್ಳುತ್ತದೆ. ಈ ಬೀಸಿನಲ್ಲಿ ಗಾಳಿಗೇರುವ ದಾರ ಕಡಿಮೆ, ಹಾಗಾಗಿ ಸ್ವಲ್ಪವೇ ಭಾರಕ್ಕೆ ನಡುವಿನವರೆಗೂ ಬಾಗುವ ಕೋಲು ಬೇಕು. ದೂರದ ಬೀಸಿಗೆಂದೇ ಮಾಡಿದ ಬಿರುಸು ಕಾರ್ಬನ್ ಇಷ್ಟು ಕಡಿಮೆ ಭಾರಕ್ಕೆ ಬಗ್ಗುವುದೇ ಇಲ್ಲ. ಹೆಚ್ಚು ದುಡ್ಡು ಕೊಟ್ಟವನ ಕೈಯಲ್ಲಿ ಹೆಚ್ಚು ಹಟಮಾರಿ ಕೋಲು ಉಳಿಯುತ್ತದೆ.

ಇದರ ಹಿಂದಿನ ಕಾರಣ ನಾರಿನಲ್ಲಿದೆ. ಕೋಲುಗಳಿಗೆ ಬಳಸುವ ಸಾಮಾನ್ಯ ಗಾಜಿನ ನಾರಿನ ಬಿಗಿತ ಸುಮಾರು 72 ಗಿಗಾಪ್ಯಾಸ್ಕಲ್, ಸಾಮಾನ್ಯ ಕಾರ್ಬನ್ ನಾರಿನದು ಸುಮಾರು 230. ಮೂರು ಪಟ್ಟು ಬಿಗಿಯಾದ ನಾರಿನಿಂದ ಅದೇ ಬಲದ ಕೋಲನ್ನು ಬಹಳ ತೆಳುವಾಗಿ, ಹಗುರವಾಗಿ ಮಾಡಬಹುದು. ಕಾರ್ಬನ್ನಿನ ಹಿರಿಮೆ ಇದೇ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮುರಿಯುವ ಮುನ್ನ ಗಾಜಿನ ನಾರು ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಬ್ಯಾರೇಜಿನ ಕಾಂಕ್ರೀಟಿಗೆ ತಾಗಿದರೆ, ಬೈಕಿನಿಂದ ಬಿದ್ದರೆ, ತಮ್ಮನೊಬ್ಬ ಮೆಟ್ಟಿದರೆ ತಡೆದುಕೊಳ್ಳುವ ಸಾಧ್ಯತೆ ಗಾಜಿಗೇ ಹೆಚ್ಚು. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ಬೆನ್ನಿಗೆ ಗ್ಲಾಸ್‌ಫೈಬರ್ ಕೋಲು ಬಂದಾಗ ಗಾಳದ ಹವ್ಯಾಸ ಸಾಮಾನ್ಯರ ಕೈಗೆ ಸಿಕ್ಕಿತು. 1970ರ ದಶಕದಲ್ಲಿ ಕಾರ್ಬನ್ ಕಾಲಿಟ್ಟ ಮೇಲೆ ಗಾಜು ಹಳೆಯದೆನಿಸಿತು. ಹಳೆಯದಾದ ಮಾತ್ರಕ್ಕೆ ಅದರ ಗುಣವೇನೂ ಕೆಡಲಿಲ್ಲ.

ಇನ್ನೊಂದು ಮಾತನ್ನು ಒತ್ತಿಯೇ ಹೇಳಬೇಕು. ಕಾರ್ಬನ್ ವಿದ್ಯುತ್ ಹರಿಸುತ್ತದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಗಳಲ್ಲಿ ನೀರೆತ್ತುವ ಪಂಪುಗಳಿಗೆ ಎಳೆದ ತಂತಿಗಳು ಕೆಲವೆಡೆ ಕೈಗೆಟಕುವಷ್ಟು ಜೋತಿವೆ. ಕೈಯಲ್ಲಿ ಎರಡೂವರೆ ಮೀಟರಿನ ಕಾರ್ಬನ್ ಕೋಲು, ಕಾಲಡಿ ಒದ್ದೆ ಎರೆಮಣ್ಣು. ಜೀವ ಹೋಗಲು ಇನ್ನೇನೂ ಬೇಕಿಲ್ಲ. ಗಾಜಿನ ನಾರು ವಿದ್ಯುತ್ ಹರಿಸದು, ಆದರೂ ಒದ್ದೆಯಾದ ಕೋಲು, ಒದ್ದೆ ದಾರವನ್ನು ನಂಬಿ ತಂತಿಯ ಕೆಳಗೆ ಯಾರೂ ಬೀಸಬಾರದು. ಮುಂಗಾರಿನ ಮುಂಚಿನ ಗುಡುಗು ಮಳೆಯ ಸಂಜೆಗಳಲ್ಲಂತೂ ಯಾವ ಕೋಲನ್ನೂ ಮೇಲೆತ್ತಬಾರದು. ಅಂಗಡಿಗಳ ಬಣ್ಣದ ಪಟ್ಟಿಗಳು ಈ ಎಚ್ಚರಿಕೆಯನ್ನು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕುತ್ತವೆ. ಇಲ್ಲಿ ಅದು ಮೊದಲ ಸಾಲಾಗಬೇಕು.

ಎಷ್ಟು ಹಗುರ? ಫ್ಲೈ ದಾರಗಳಿಗೆ ಒಂದು, ಎರಡು, ಮೂರು ಎಂದು ತೂಕದ ನಂಬರಿದೆ. ಮೊದಲ ಮೂವತ್ತು ಅಡಿ ದಾರ ಎಷ್ಟು ತೂಗುತ್ತದೆ ಎಂಬುದರ ಮೇಲೆ ನಂಬರು ನಿಂತಿದೆ. ನಾಲ್ಕನೇ ನಂಬರಿನದು ಎಂಟು ಗ್ರಾಮಿಗೆ ತುಸು ಕಡಿಮೆ, ಐದರದು ಒಂಬತ್ತು ಗ್ರಾಂ. ಬ್ಲ್ಯಾಂಕಿನ ಮೇಲೂ ಅದೇ ನಂಬರು ಬರೆದಿರುತ್ತದೆ. ಈ ಭಾಗದ ಹೊಳೆಗಳಲ್ಲಿ ಪುಕ್ಕದ ಹುಳುವಿಗೆ ಬಾಯಿ ಹಾಕುವುದು ಹೆಚ್ಚಾಗಿ ಪಕ್ಕೆ ಜಾತಿಯ ಸಣ್ಣ ಮೀನು ಮತ್ತು 1952ರಲ್ಲಿ ಭಾರತಕ್ಕೆ ತಂದಮೇಲೆ ಎಲ್ಲೆಡೆ ಹಬ್ಬಿರುವ ತಿಲಾಪಿಯಾ. ಅಪರೂಪಕ್ಕೊಂದು ರೋಹು. ಇವುಗಳಿಗೆ ಮೂರನೇ ನಂಬರೂ ಸಾಲುತ್ತದೆ. ಆದರೆ ಬಯಲುಸೀಮೆಯ ಗಾಳಿಯಲ್ಲಿ ಮೂರರ ದಾರ ಅಡ್ಡಾದಿಡ್ಡಿ ಹಾರುತ್ತದೆ. ಐದನೇ ನಂಬರು ಗಾಳಿಯನ್ನು ಸೀಳುತ್ತದೆ, ಅಂಗೈ ಅಗಲದ ತಿಲಾಪಿಯಾ ಹಿಡಿದ ಖುಷಿಯನ್ನೂ ಕೊಲ್ಲುವುದಿಲ್ಲ. ಸಿದ್ನಾಳ, ಜತ್ರಾಟದ ಕಡೆ ವೇದಗಂಗೆಯ ಕಿರಿದಾದ ಪಾತ್ರದಲ್ಲಷ್ಟೇ ಆಡುವ ನಿಪ್ಪಾಣಿಯವರು ನಾಲ್ಕನ್ನು ಆರಿಸಿದರೂ ತಪ್ಪಿಲ್ಲ.

ಉದ್ದದ ವಿಷಯದಲ್ಲಿ ಗ್ಲಾಸ್ ಕೋಲಿನ ಮಿತಿ ಒಪ್ಪಲೇಬೇಕು. ಒಂಬತ್ತು ಅಡಿಯಾದರೆ ತುದಿ ಭಾರವಾಗಿ ಮಣಿಕಟ್ಟು ನೋಯುತ್ತದೆ. ಏಳು ಅಡಿಯದು ಕೈಗೆ ಬಲು ಹಿತ, ಆದರೆ ಇಲ್ಲಿನ ಎತ್ತರದ ದಡದಿಂದ ನೀರಿಗೆ ಎಟಕದು. ದಡ ಇಳಿದು ಮೊಣಕಾಲು ನೀರಿನಲ್ಲಿ ನಿಲ್ಲಬಹುದಲ್ಲ ಎಂದರೆ, ಕೃಷ್ಣೆಯ ಈ ಪಾತ್ರದಲ್ಲಿ ಮೊಸಳೆಗಳಿವೆ. ಸಾಂಗ್ಲಿಯಿಂದ ಕುಡಚಿ, ಅಥಣಿಯವರೆಗೆ ದಂಡೆಯ ರೈತರಿಗೆ ಇದು ಹೊಸ ಸುದ್ದಿಯಲ್ಲ. ಹಾಗಾಗಿ ಎಂಟು ಅಥವಾ ಎಂಟೂವರೆ ಅಡಿ, ಐದನೇ ನಂಬರು, ನಾಲ್ಕು ತುಂಡಿನದು. ನಾಲ್ಕು ತುಂಡಾದರೆ ಒಂದೊಂದು ಅರವತ್ತೈದು ಸೆಂಟಿಮೀಟರಿನ ಆಸುಪಾಸು ಬರುತ್ತದೆ. ಹನಿ ನೀರಾವರಿಗೆ ತಂದು ಉಳಿದ ಪಿವಿಸಿ ಪೈಪಿನ ತುಂಡೇ ಅದಕ್ಕೆ ಕವಚ, ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗಬಹುದು.

ಅಗ್ಗದ ಬ್ಲ್ಯಾಂಕಿನಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ, ಆದ್ದರಿಂದ ಬಂದ ಮಾಲನ್ನು ಪರೀಕ್ಷಿಸುವುದು ಗೊತ್ತಿರಬೇಕು. ತುಂಡುಗಳನ್ನು ಜೋಡಿಸಿ, ಒಂದು ಕಣ್ಣು ಮುಚ್ಚಿ, ಬುಡದಿಂದ ತುದಿಯವರೆಗೆ ಬೆಳಕಿಗೆ ಹಿಡಿದು ನೋಡುವುದು ಮೊದಲು. ತುಸು ಬಳುಕಿದ್ದರೆ ಚಿಂತೆಯಿಲ್ಲ, ಆ ಬಳುಕನ್ನು ಮೇಲ್ಮುಖ ಮಾಡಿ ಉಂಗುರ ಕಟ್ಟಿದರೆ ಉಂಗುರಗಳ ಭಾರಕ್ಕೆ ನೇರವಾಗುತ್ತದೆ. ಜೋಡಣೆಯ ಜಾಗದಲ್ಲಿ ಅಲುಗಾಟ ಅಥವಾ ಟಿಕ್ ಟಿಕ್ ಸದ್ದಿದ್ದರೆ ಮಾತ್ರ ಹಿಂದಕ್ಕೆ ಕಳಿಸಿಬಿಡಬೇಕು. ಆಮೇಲೆ ತುದಿಯ ತುಂಡಿನ ಬುಡವನ್ನು ನುಣುಪು ನೆಲಕ್ಕೆ ಊರಿ, ಮೇಲಿನ ತುದಿಯನ್ನು ಒಂದು ಅಂಗೈ ಮೇಲೆ ಸಡಿಲವಾಗಿ ಇಟ್ಟು, ಇನ್ನೊಂದು ಕೈಯಿಂದ ನಡುವನ್ನು ಮೆಲ್ಲಗೆ ಒತ್ತಬೇಕು. ಕೋಲು ತನ್ನಷ್ಟಕ್ಕೆ ಹೊರಳಿ ಒಂದು ಮಗ್ಗುಲಿಗೆ ನಿಲ್ಲುತ್ತದೆ. ನಾರಿನ ಹಾಳೆ ಸುತ್ತುವಾಗ ಒಂದು ಕಡೆ ದಪ್ಪವಾದ ಬೆನ್ನು ಅಲ್ಲಿ ಪತ್ತೆಯಾಗುತ್ತದೆ. ಅಲ್ಲಿಗೊಂದು ಸೀಮೆಸುಣ್ಣದ ಗುರುತು.

ಬಿಗಿತದ ಪರೀಕ್ಷೆಗೆ ಡಾ. ವಿಲಿಯಂ ಹ್ಯಾನೆಮನ್ ಎಂಬ ಅಮೆರಿಕನ್ ಒಂದು ಸರಳ ದಾರಿ ತೋರಿಸಿಕೊಟ್ಟಿದ್ದಾರೆ. ಕೋಲನ್ನು ಅಡ್ಡವಾಗಿ ಬಿಗಿದು, ತುದಿಗೆ ಚೀಲ ಕಟ್ಟಿ, ಕೋಲಿನ ಉದ್ದದ ಮೂರನೇ ಒಂದು ಭಾಗದಷ್ಟು ತುದಿ ಕೆಳಗಿಳಿಯುವವರೆಗೆ ಚೀಲಕ್ಕೆ ನಾಣ್ಯ ಹಾಕುತ್ತ ಹೋಗುವುದು. ಅವರು ಬಳಸಿದ್ದು ಎರಡೂವರೆ ಗ್ರಾಮಿನ ಅಮೆರಿಕದ ಒಂದು ಸೆಂಟ್ ನಾಣ್ಯ. ಇಲ್ಲಿ ಮೇಜಿನ ಅಂಚು, ಕಿರಾಣಿ ಚೀಲ, ಒಂದಿಷ್ಟು ಮರಳು, ಅಕ್ಕಸಾಲಿಗರ ತಕ್ಕಡಿ ಇದ್ದರೆ ಮುಗಿಯಿತು. ಒಂದೇ ಉದ್ದದ ಎರಡು ಬ್ಲ್ಯಾಂಕುಗಳಲ್ಲಿ ಯಾವುದು ಎಷ್ಟು ಮೆದು ಎಂಬುದು ಗ್ರಾಮಿನ ಲೆಕ್ಕದಲ್ಲಿ ಕಣ್ಣೆದುರು ಬರುತ್ತದೆ. ಮಾರುವವರು ಅಂಟಿಸುವ ಐಎಂ6, ಐಎಂ8 ಎಂಬ ಚೀಟಿಗಳಿಗಿಂತ ಈ ಮರಳಿನ ಚೀಲ ಹೆಚ್ಚು ಸತ್ಯ ಹೇಳುತ್ತದೆ. ಐಎಂ6 ಮೂಲದಲ್ಲಿ ಒಂದು ಕಂಪನಿಯ ನಾರಿನ ವ್ಯಾಪಾರನಾಮ, ಕೋಲಿನ ಗುಣಮಟ್ಟ ಅಳೆಯುವ ಮಾನದಂಡವಲ್ಲ.

ಹೆಸರಾಂತ ಕಂಪನಿಗಳ ಕಾರ್ಬನ್ ಬ್ಲ್ಯಾಂಕ್ ಹತ್ತಿಪ್ಪತ್ತು ಸಾವಿರ ರೂಪಾಯಿ ದಾಟುತ್ತದೆ, ಸಾದಾ ಗ್ಲಾಸ್ ಬ್ಲ್ಯಾಂಕ್ ಅದರ ಸಣ್ಣ ಪಾಲಿಗೆ ಬರುತ್ತದೆ. ಕಬ್ಬಿನ ಬಿಲ್ಲಿಗೆ ತಿಂಗಳುಗಟ್ಟಲೆ ಕಾಯುವ ಮನೆಗಳಲ್ಲಿ ಹವ್ಯಾಸಕ್ಕೆ ಅಷ್ಟು ಹಣ ಸುರಿಯಬೇಕೆಂದು ಯಾರೂ ಯಾರಿಗೂ ಉಪದೇಶಿಸಕೂಡದು. ದುಬಾರಿ ಸಾಮಾನಿಲ್ಲದೆ ಈ ವಿದ್ಯೆ ಬರುವುದಿಲ್ಲ ಎಂಬ ಭಾವನೆ ಹುಟ್ಟಿಸುವುದು ಅನ್ಯಾಯ.

ಅದರಲ್ಲೂ ಈ ನಾಡಿನ ಮಟ್ಟಿಗೆ ಅದು ಚರಿತ್ರೆಗೂ ಅನ್ಯಾಯ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ಹೈರಮ್ ಲಿಯೊನಾರ್ಡ್‌ರಂಥ ಹೆಸರುವಾಸಿ ಕುಶಲಕರ್ಮಿಗಳು ಬಿದಿರನ್ನು ಆರು ಸೀಳಾಗಿ ಸೀಳಿ, ಅಂಟಿಸಿ ಫ್ಲೈ ರಾಡ್ ಮಾಡಲು ಆರಂಭಿಸಿದಾಗ ಬಳಸಿದ್ದು ಕಲ್ಕತ್ತಾ ಬಂದರಿನಿಂದ ಹೋದ ಭಾರತದ ಬಿದಿರನ್ನು. ಚೀನಾದ ಟಾಂಕಿನ್ ಬಿದಿರು ಬಂದು ಅದರ ಜಾಗ ಹಿಡಿದದ್ದು ಇಪ್ಪತ್ತನೇ ಶತಮಾನದಲ್ಲಿ. ಭಾರತದ ಗಾಳದ ಮೇಲೆ ಹೆನ್ರಿ ಸಲಿವನ್ ಥಾಮಸ್ ಬರೆದ ಹೆಸರಾಂತ ಇಂಗ್ಲಿಷ್ ಪುಸ್ತಕ 1873ರಲ್ಲಿ ಅಚ್ಚಾದದ್ದೂ ನಮ್ಮ ಮಂಗಳೂರಿನಲ್ಲೇ, ಆತ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವ. ಕಲ್ಕತ್ತಾ ಬಿದಿರೆಂದು ಹೊರದೇಶ ಕಂಡ ಆ ಕಿರುಬಿದಿರು ಬೆಳಗಾವಿ ಜಿಲ್ಲೆಯ ಕಾಡಂಚಿನಲ್ಲಿ ಇಂದಿಗೂ ಬೆಳೆಯುತ್ತದೆ. ನಾರನ್ನು ಅಡ್ಡ ಕತ್ತರಿಸದೆ ಉದ್ದಕ್ಕೆ ಸೀಳುವ ಮೇದಾರರ ಕೈಚಳಕವೇ ಬಿದಿರಿನ ಫ್ಲೈ ರಾಡಿನ ಮೊದಲ ಪಾಠ. 2017ರ ಕಾನೂನು ತಿದ್ದುಪಡಿ ಬಿದಿರನ್ನು ಮರಗಳ ಪಟ್ಟಿಯಿಂದ ಕೈಬಿಟ್ಟಿದ್ದರಿಂದ ಹೊಲದ ಬದುವಿನಲ್ಲಿ ಬೆಳೆದದ್ದನ್ನು ಕಡಿದು ಸಾಗಿಸುವ ಅಡ್ಡಿಯೂ ತಗ್ಗಿದೆ. ಮೊಳೆ ಮುಟ್ಟಿಸದೆ ಚಪ್ಪಲಿ ಹೊಲಿದು ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯಲ್ಲಿ ಪಾಲು ಪಡೆದ ಅಥಣಿ, ನಿಪ್ಪಾಣಿಯ ಕೈಗಳಿಗೆ ಉಂಗುರದ ಮೇಲೆ ರೇಷ್ಮೆ ಎಳೆ ಸುತ್ತುವುದು ಹೆಚ್ಚಿನ ಕೆಲಸವೇನಲ್ಲ. ಹತ್ತಿರದ ಐಟಿಐಗಳಲ್ಲಿ ಯಾರಾದರೂ ಒಂದು ಬೇಸಿಗೆ ಇದನ್ನು ಕಲಿಸಲು ಮುಂದೆ ಬಂದರೆ ಇಲ್ಲಿನ ಹುಡುಗರಿಗೆ ಹವ್ಯಾಸದ ಜೊತೆಗೆ ನಾಲ್ಕು ಕಾಸಿನ ದಾರಿಯೂ ಆದೀತು. ಗ್ಲಾಸ್ ಬ್ಲ್ಯಾಂಕಿನಿಂದ ಶುರುಮಾಡಿದವನಿಗೆ ಬಿದಿರು ಎರಡನೇ ಮೆಟ್ಟಿಲು.

ಕೋಲು ಸಿದ್ಧವಾದ ಮಾತ್ರಕ್ಕೆ ಹೊಳೆ ಸಿದ್ಧವಿರುವುದಿಲ್ಲ. ಜುಲೈ, ಆಗಸ್ಟಿನಲ್ಲಿ ಕಲ್ಲೋಳ–ಯಡೂರ, ಕಾರದಗಾ–ಭೋಜ ಸೇತುವೆಗಳೇ ನೀರಿನಡಿ ಇರುತ್ತವೆ. 2019 ಮತ್ತು 2021ರ ಪ್ರವಾಹವನ್ನು ಈ ತಾಲ್ಲೂಕುಗಳಲ್ಲಿ ಮರೆತವರಿಲ್ಲ. ಬೇಸಿಗೆಯಲ್ಲಿ ಇದರ ತಿರುಗುಮುರುಗು. 2023ರ ಮೇ ಕೊನೆಯಲ್ಲಿ ಕೃಷ್ಣೆಗೆ ವಾರಣಾ, ಕೊಯ್ನಾದಿಂದ ನೀರು ಬಿಡಿ ಎಂದು ಕರ್ನಾಟಕದ ಮುಖ್ಯಮಂತ್ರಿ ಮಹಾರಾಷ್ಟ್ರಕ್ಕೆ ಪತ್ರ ಬರೆಯಬೇಕಾಯಿತು. ಅಂಥ ದಿನಗಳಲ್ಲಿ ಬ್ಯಾರೇಜಿನ ಹಿಂದಿನ ಮಡುಗಳಲ್ಲಿ ಉಸಿರಿಗೆ ಒದ್ದಾಡುವ ಮೀನಿನ ಮೇಲೆ ಯಾವ ಗಾಳವೂ ಬೀಳಬಾರದು. ನೀರು ತಿಳಿಯಾಗುವ ನವೆಂಬರಿನಿಂದ ಫೆಬ್ರುವರಿವರೆಗಿನದೇ ಸರಿಯಾದ ಕಾಲ. ಕೆರೆ, ನದಿಪಾತ್ರಗಳ ಮೀನಿನ ಹಕ್ಕು ಬಹಳ ಕಡೆ ಮೀನುಗಾರರ ಸಹಕಾರ ಸಂಘ ಅಥವಾ ಗುತ್ತಿಗೆದಾರರದು. ಅವರನ್ನು ಕೇಳದೆ ದಾರ ಬಿಡುವುದು ಅವರ ಅನ್ನಕ್ಕೆ ಕೈಹಾಕಿದಂತೆ. ಮುಳ್ಳಿಲ್ಲದ ಕೊಕ್ಕೆ ಕಟ್ಟಿ, ಹಿಡಿದ ಪಕ್ಕೆಯನ್ನು ಒದ್ದೆ ಕೈಯಲ್ಲೇ ಬಿಡಿಸಿ ನೀರಿಗೆ ಬಿಡುವ ಹುಡುಗನಿಗೆ ದಂಡೆಯಲ್ಲಿ ಯಾರೂ ಬೇಡ ಅನ್ನಲಾರರು.

ಬ್ಲ್ಯಾಂಕಿನಲ್ಲಿ ಉಳಿದ ದುಡ್ಡು ದಾರಕ್ಕೆ ಹೋಗಬೇಕು. ರೀಲಿಗಾಗಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ, ಇಷ್ಟು ಸಣ್ಣ ಮೀನಿನ ಹೊಳೆಯಲ್ಲಿ ಅದು ದಾರ ಸುತ್ತಿಡುವ ಪೆಟ್ಟಿಗೆ ಮಾತ್ರ. ದಾರದಲ್ಲಿ ತೇಲುವ ಡಬಲ್ ಟೇಪರ್ ತರಿಸುವುದು ಒಳ್ಳೆಯದು. ಅದರ ಎರಡೂ ತುದಿಗಳು ಒಂದೇ ಥರ ಸಣ್ಣಗಾಗಿರುತ್ತವೆ, ರೋಲ್ ಕಾಸ್ಟಿಗೂ ಅದು ಚೆನ್ನಾಗಿ ಒಗ್ಗುತ್ತದೆ. ಸುಮಾರು ಇಪ್ಪತ್ತೇಳು ಮೀಟರಿನ ಆ ದಾರವನ್ನು ನಡುವೆ ಕತ್ತರಿಸಿ, ಹಿಂದೆ ಸಾದಾ ದಾರ ಗಂಟುಹಾಕಿಕೊಂಡರೆ ಒಂದರ ಬೆಲೆಗೆ ಎರಡು ಕೋಲಿನ ದಾರ ಸಿಗುತ್ತದೆ, ಕಬ್ಬಿನ ದಂಡೆಯಿಂದ ಹದಿಮೂರು ಮೀಟರಿಗಿಂತ ದೂರ ಬೀಸುವ ಪ್ರಸಂಗ ಹೇಗೂ ಕಡಿಮೆ. ಕುಡಚಿಯವನೊಬ್ಬ, ನಿಪ್ಪಾಣಿಯವನೊಬ್ಬ ಕೂಡಿ ತರಿಸಿದರೆ ಅರ್ಧ ದಾರ ಕೃಷ್ಣೆಗೆ, ಇನ್ನರ್ಧ ವೇದಗಂಗೆಗೆ.