ಹೋಂವರ್ಕ್ ಕೊಡಿ, ಆದರೆ ನೋಡಿ

ನಾನು ಬೆಳಗ್ಗೆ ಬಸ್ ಹತ್ತುವುದು ಹೆಬ್ಬೂರಿನಲ್ಲಿ. ಅಷ್ಟರಲ್ಲಿ ಕುಣಿಗಲ್‌ನಿಂದ ಬರುವ ನಮ್ಮ ಕ್ಲಾಸಿನವರ ಹೋಂವರ್ಕ್ ಅರ್ಧ ಮುಗಿದಿರುತ್ತದೆ. ಯಾರೋ ಒಬ್ಬರು ಮಾಡಿದ ಲೆಕ್ಕ ನಾಲ್ಕು ಜನರ ನೋಟ್‌ಬುಕ್ಕಿಗೆ ಇಳಿಯುತ್ತಿರುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ನಮಗೆ ಟಿಕೆಟ್ಟಿನ ಚಿಂತೆ ಇಲ್ಲ, ಸೀಟಿನದ್ದೇ ಚಿಂತೆ. ನಿಂತುಕೊಂಡು ಬರೆದ ಅಕ್ಷರ ಯಾವುದು ಎಂದು ನಮ್ಮ ಉಪನ್ಯಾಸಕರಿಗೂ ಗೊತ್ತು. ಆದರೂ ಸಹಿ ಬೀಳುತ್ತದೆ.

ಹೋಂವರ್ಕ್ ಬೇಕೋ ಬೇಡವೋ ಎಂದು ಕೇಳಿದರೆ ಇಡೀ ಕ್ಲಾಸ್ ಬೇಡ ಎನ್ನುತ್ತದೆ. ನಾನು ಹಾಗೆ ಹೇಳಲಾರೆ. ಕಳೆದ ವರ್ಷ ಫಸ್ಟ್ ಪಿಯುಸಿಯಲ್ಲಿ ಫೈನಲ್ ಅಕೌಂಟ್ಸ್‌ನ ಒಂದು ಲೆಕ್ಕ ಮನೆಯಲ್ಲಿ ಮಾಡುತ್ತಿದ್ದೆ. ಬ್ಯಾಲೆನ್ಸ್ ಶೀಟ್‌ನ ಎರಡು ಕಡೆಗೂ 600 ರೂಪಾಯಿ ವ್ಯತ್ಯಾಸ. ಇಶಾ ನಮಾಜ್ ಆದ ಮೇಲೂ ಕೂತು ಹುಡುಕಿದೆ. ಔಟ್‌ಸ್ಟ್ಯಾಂಡಿಂಗ್ ವೇಜಸ್ ಅನ್ನು ಟ್ರೇಡಿಂಗ್ ಅಕೌಂಟ್‌ಗೆ ಸೇರಿಸಿ, ಸಾಲದ ಕಡೆ ಬರೆಯುವುದನ್ನು ಮರೆತಿದ್ದೆ. ಆ ತಪ್ಪನ್ನು ಮತ್ತೆ ಮಾಡಿಲ್ಲ. ಕ್ಲಾಸಿನಲ್ಲಿ ಬೋರ್ಡ್ ನೋಡಿ ಬರೆದಿದ್ದರೆ ನನಗೆ ಗೊತ್ತಿಲ್ಲವೆಂಬುದೇ ಗೊತ್ತಾಗುತ್ತಿರಲಿಲ್ಲ.

ಆದರೆ ಅದು ಒಂದು ಲೆಕ್ಕ, ಒಂದು ರಾತ್ರಿ. ನನ್ನ ಗೆಳತಿಯೊಬ್ಬಳ ಊರು ಕುಣಿಗಲ್‌ನಿಂದಲೂ ಆಚೆ. ಎರಡು ಬಸ್ ಬದಲಿಸಿ ಮನೆ ಸೇರುವಾಗ ಮಗ್ರಿಬ್ ಅಜಾನ್ ಆಗಿರುತ್ತದೆ. ಆಮೇಲೆ ರೊಟ್ಟಿ, ಪಾತ್ರೆ, ತಮ್ಮಂದಿರ ಪಾಠ. ಈ ವರ್ಷ ಹೋಂವರ್ಕ್ ಮುಗಿಯದ ದಿನ ಅವಳು ಕಾಲೇಜಿಗೇ ಬರುವುದನ್ನು ಬಿಟ್ಟಳು. ಎಲ್ಲರೆದುರು ಎದ್ದು ನಿಲ್ಲುವುದಕ್ಕಿಂತ ಆಬ್ಸೆಂಟ್ ಮೇಲು ಎಂದಳು. ಪರೀಕ್ಷೆಗೆ ಕೂರಲು ಹಾಜರಾತಿ ಶೇ. 75 ಇರಬೇಕು. ಅವಳದ್ದು ಈಗ ಅದರ ಅಂಚಿನಲ್ಲಿದೆ. ಓದಿಸಲೆಂದು ಕೊಟ್ಟ ಕೆಲಸವೇ ಒಬ್ಬ ಹುಡುಗಿಯನ್ನು ಕ್ಲಾಸಿನಿಂದ ದೂರ ಮಾಡಿತು. ಇದನ್ನು ಅವಳ ಸೋಮಾರಿತನ ಎನ್ನುವವರು ಒಂದು ದಿನ ಅವಳ ಜೊತೆ ಬಸ್ಸಿನಲ್ಲಿ ಹೋಗಿ ಬರಲಿ.

ಈ ದೂರು ಹೊಸದಲ್ಲ. ಮೈಸೂರಿನ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ಮಕ್ಕಳ ಬ್ಯಾಗಿನ ಭಾರದ ಬಗ್ಗೆ ಮಾತನಾಡಿದ್ದರು. 1993ರಲ್ಲಿ ಯಶ್‌ಪಾಲ್ ಸಮಿತಿ ಹೊರೆಯಿಲ್ಲದ ಕಲಿಕೆಯ ಬಗ್ಗೆ ವರದಿ ಕೊಟ್ಟಿತು. ಕೇಂದ್ರದ 2020ರ ಸ್ಕೂಲ್ ಬ್ಯಾಗ್ ನೀತಿಯ ಪ್ರಕಾರ ನಮ್ಮಂಥ ದೊಡ್ಡ ತರಗತಿಯವರಿಗೂ ಹೋಂವರ್ಕ್ ದಿನಕ್ಕೆ ಎರಡು ಗಂಟೆ ಮೀರಬಾರದು. ನಮಗೆ ಆರು ವಿಷಯ. ನಾಲ್ಕು ಜನ ಮುಕ್ಕಾಲು ಗಂಟೆಯ ಕೆಲಸ ಕೊಟ್ಟರೂ ಮೂರು ಗಂಟೆ ಆಯಿತು. ಯಾರೂ ಹೆಚ್ಚು ಕೊಟ್ಟಿಲ್ಲ, ಆದರೆ ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ.

ಉಪನ್ಯಾಸಕರ ಕಷ್ಟವೂ ಕಾಣುತ್ತದೆ. ಎರಡು ಸೆಕ್ಷನ್ನಿನ ನೋಟ್‌ಬುಕ್ಕುಗಳ ರಾಶಿ ಸ್ಟಾಫ್ ರೂಮಿನ ಮೇಜಿನ ಮೇಲೆ ಇರುವಾಗ ಪ್ರತಿ ಸಾಲು ಓದಲು ಯಾರಿಂದ ಆಗುತ್ತದೆ? ಹಾಗಾಗಿಯೇ ಹತ್ತು ಲೆಕ್ಕದ ಬದಲು ಎರಡು ಕೊಡಿ ಎಂದು ಕೇಳುತ್ತಿದ್ದೇನೆ. ಆ ಎರಡರಲ್ಲಿ ಎಲ್ಲಿ ತಪ್ಪಿದೆ ಎಂದು ಗುರುತು ಹಾಕಿ. ಸರಿಯಾದ ಉತ್ತರಕ್ಕಿಂತ ನಮ್ಮದೇ ತಪ್ಪು ಉತ್ತರಕ್ಕೆ ಬೆಲೆ ಸಿಕ್ಕರೆ ಕಾಪಿ ಮಾಡುವ ಅಗತ್ಯವೇ ಬೀಳುವುದಿಲ್ಲ. ಆಗದವರು ಬಂದು "ಆಗಲಿಲ್ಲ ಸರ್, ಇಲ್ಲಿಗೆ ನಿಂತಿತು" ಎಂದು ಹೇಳುವಂತಿರಲಿ. ಅದಕ್ಕೆ ಶಿಕ್ಷೆ ಬೇಡ.

ಇನ್ನೊಂದು ಸಣ್ಣ ಕೋರಿಕೆ. ಬೋರ್ಡಿನ ಬಲಮೂಲೆಯಲ್ಲಿ ಆ ದಿನದ ಹೋಂವರ್ಕ್ ಎಲ್ಲ ಒಂದೇ ಕಡೆ ಇರಲಿ, ಕೊನೆಯ ಪೀರಿಯಡ್‌ವರೆಗೂ ಯಾರೂ ಅಳಿಸಬೇಡಿ. ನಾಲ್ಕನೆಯದಾಗಿ ಬರೆಯುವವರಿಗೆ ಮೇಲಿನ ಮೂರು ಕಾಣುತ್ತದೆ. ಒಂದು ತಿಂಗಳು ನಮ್ಮ ಕಾಮರ್ಸ್ ಸೆಕ್ಷನ್‌ನಲ್ಲಿ ಮಾಡಿ ನೋಡೋಣ. ಬರೆದಿಡುವ ಕೆಲಸ ನಾನೇ ಮಾಡುತ್ತೇನೆ. ನನ್ನ ಗೆಳತಿಗೂ ಹೇಳಿದ್ದೇನೆ, ಸೋಮವಾರ ಬರುತ್ತೇನೆ ಎಂದಿದ್ದಾಳೆ.