ನೆರೆ ಇಳಿದ ಮನೆಯ ಪಟ್ಟಿ

ನೆರೆನೀರು ಇಳಿದ ಮನೆಯಲ್ಲಿ ಎಲ್ಲರೂ ಮೊದಲು ಕೈಗೆತ್ತಿಕೊಳ್ಳುವುದು ಪೊರಕೆಯನ್ನು. 2018ರ ಆಗಸ್ಟಿನಲ್ಲಿ ಕೇರಳದ ಅಸಂಖ್ಯ ಅಂಗಳಗಳಲ್ಲಿ ಹಾಸಿಗೆ, ಕಪಾಟು, ಪಠ್ಯಪುಸ್ತಕಗಳು ಕೆಸರಿನೊಡನೆ ರಾಶಿಬಿದ್ದವು. ಮನೆ ಶುಚಿಯಾಯಿತು, ಏನೇನು ಹಾಳಾಯಿತೆಂಬುದರ ಸಾಕ್ಷ್ಯವೂ ಕೆಸರಿನೊಡನೆ ಹೋಯಿತು.

ಅಮೆರಿಕದಲ್ಲಿ ಬೆಂಕಿ, ನೀರಿನಿಂದ ಕೆಟ್ಟ ಗೃಹವಸ್ತುಗಳನ್ನು ಶುಚಿಗೊಳಿಸಿ ಮರಳಿಸುವುದೇ ಒಂದು ಉದ್ಯಮ. ಅದನ್ನು ನಡೆಸಲು ಪ್ರತ್ಯೇಕ ತಂತ್ರಾಂಶಗಳಿವೆ. ವಸ್ತುವನ್ನು ಕದಲಿಸುವ ಮೊದಲೇ ಕೆಲಸಗಾರನು ಅದರ ಫೋಟೋ ತೆಗೆದು, ಕೋಣೆ ಯಾವುದು, ಸ್ಥಿತಿ ಹೇಗಿದೆ ಎಂದು ದಾಖಲಿಸುತ್ತಾನೆ. ಪೆಟ್ಟಿಗೆಗೆ ಬಾರ್‌ಕೋಡ್ ಅಂಟಿಸುತ್ತಾನೆ. ಪೆಟ್ಟಿಗೆ ಗೋದಾಮಿನಲ್ಲಿ ಎಲ್ಲಿದೆ, ತೊಳೆಯಲು ಯಾರ ಕೈಗೆ ಹೋಯಿತು, ಯಾವುದು ದುರಸ್ತಿಯಾಗದೆ ನಷ್ಟದ ಪಟ್ಟಿಗೆ ಸೇರಿತು, ಎಲ್ಲವೂ ಆ ಒಂದೇ ಸಂಖ್ಯೆಯಡಿ ದೊರೆಯುತ್ತದೆ. ಠಾಣೆಯ ಮುದ್ದೆಮಾಲಿನ ರಿಜಿಸ್ಟರನ್ನು ಬಲ್ಲವರಿಗೆ ಇದು ಹೊಸತೆನಿಸದು. ಓದಲು ಇದು ಸುಲಭ, ಅಷ್ಟೆ.

ನಮ್ಮ ಊರುಗಳಲ್ಲಿ ಅಂತಹ ಸಂಸ್ಥೆಗಳು ವಿರಳ. ಆದರೆ ಅದರ ಕ್ರಮವನ್ನು ಎಂಟನೆಯ ತರಗತಿಯ ಹುಡುಗಿಯೂ ಫೋನಿನಲ್ಲಿ ಅನುಸರಿಸಬಲ್ಲಳು. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಕಟ್ಟಡದೊಡನೆ ಸಾಮಾನುಗಳಿಗೂ ವಿಮೆ ಮಾಡಿಸಿದರೆ, ಕಟ್ಟಡದ ವಿಮಾಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ, ಸಾಮಾನ್ಯ ಗೃಹವಸ್ತುಗಳಿಗೆ ವಿವರ ನೀಡದೆಯೇ ರಕ್ಷಣೆಯುಂಟು. ಆರಂಭದಲ್ಲಿ ಯಾರೂ ಕೇಳದ ಆ ಪಟ್ಟಿಯನ್ನೇ ಹಾನಿಯಾದ ಬಳಿಕ ಸರ್ವೇಯರ್ ಕೇಳುತ್ತಾನೆ.

ಅವನು ಬರುವವರೆಗೆ ಏನನ್ನೂ ಮುಟ್ಟಬಾರದೆಂಬ ತಿಳಿವಳಿಕೆ ಅನೇಕರಲ್ಲಿದೆ. ಅದು ತಪ್ಪು. ನಷ್ಟ ಹೆಚ್ಚದಂತೆ ನೋಡಿಕೊಳ್ಳುವುದು ವಿಮೆ ಮಾಡಿಸಿದವನ ಹೊಣೆ. ಒದ್ದೆ ಬಟ್ಟೆ, ಕಾಗದಕ್ಕೆ ಎರಡೇ ದಿನಗಳಲ್ಲಿ ಬೂಸು ಹಿಡಿಯುತ್ತದೆ. ಆದುದರಿಂದ ವಿಮಾಸಂಸ್ಥೆಗೆ ಕೂಡಲೇ ತಿಳಿಸಿ, ಮೊದಲು ಇಡೀ ಕೋಣೆಯ, ಬಳಿಕ ಒಂದೊಂದು ವಸ್ತುವಿನ ಫೋಟೋ ತೆಗೆದು ಸಂಖ್ಯೆ ನೀಡಬೇಕು, ಆಮೇಲೆ ಒಣಗಿಸುವುದು. ಎಸೆಯಲೇಬೇಕಾದ ಹಾಸಿಗೆಯ ಒಂದು ತುಂಡನ್ನಾದರೂ ಉಳಿಸಿಕೊಳ್ಳಬೇಕು. ಮಕ್ಕಳ ಅಂಕಪಟ್ಟಿಗಳು ಒಂದಕ್ಕೊಂದು ಅಂಟಿದ್ದರೆ ಎಳೆದು ಬಿಡಿಸದೆ ನೆರಳಿನಲ್ಲಿ ಗಾಳಿಗೆ ಇಡಬೇಕು.

ವ್ಯಾಜ್ಯವು ನ್ಯಾಯಾಲಯದ ಮೆಟ್ಟಿಲೇರಿದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಫೋಟೋದ ಪ್ರತಿಯೊಡನೆ ಪ್ರಮಾಣಪತ್ರವೂ ಬೇಕಾಗುತ್ತದೆ. ತೆಗೆದ ಫೋನನ್ನೂ ಮೂಲ ಚಿತ್ರವನ್ನೂ ಕಾಪಾಡಬೇಕು. ವಾಟ್ಸಾಪಿನಲ್ಲಿ ಫೋಟೋವಾಗಿ ಕಳುಹಿಸಿದ ಪ್ರತಿಯಲ್ಲಿ ಚಿತ್ರ ತೆಗೆದ ವೇಳೆಯ ಗುರುತು ಉಳಿಯುವುದಿಲ್ಲ.

ವಸ್ತುಗಳ ಹೆಸರನ್ನು ಅಜ್ಜಿ ಹೇಳಿದಂತೆಯೇ ಬರೆದುಕೊಳ್ಳುವುದು ಲೇಸು. ಪರದೇಶದ ತಂತ್ರಾಂಶದ ಸಿದ್ಧ ಪಟ್ಟಿಯಲ್ಲಿ ಸೋಫಾ ಇದ್ದೀತು. ಕಳಸಿಗೆ, ಉಪ್ಪಿನಕಾಯಿಯ ಭರಣಿ, ಹಲಸಿನ ಮರದ ಮಣೆಗಳನ್ನು ಮನೆಯವರೇ ಸೇರಿಸಬೇಕು.